ಶಿಳ್ಳೆ ಹಾಕುವ ಟಿವಿ

ಅಕ್ಕನ ಮಗ ಬೇಸಿಗೆ ರಜೆಗೆ ಬಂದವನು ಬ್ಯಾಗಿನಿಂದ ಬಟ್ಟೆಗಿಂತ ಮೊದಲು ಹೊರತೆಗೆದದ್ದು ಒಂದು ಕಪ್ಪು ಪೆಟ್ಟಿಗೆ. ಸೆಗಾ ಮೆಗಾ ಡ್ರೈವ್. 1988ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಗೇಮ್ ಯಂತ್ರ. ಹುಡುಗ ಹುಟ್ಟಿದ್ದು ಅದಾಗಿ ಇಪ್ಪತ್ತೆರಡು ವರ್ಷಕ್ಕೆ. ಭಾವ ಆಫೀಸಿನ ಕೆಲಸದ ಮೇಲೆ ಟೋಕಿಯೋಗೆ ಹೋದಾಗ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕಂಡು ತಂದದ್ದಂತೆ. ಮಗನ ನೆಪದಲ್ಲಿ ತನಗೇ ಕೊಂಡುಕೊಂಡದ್ದು ಎಂದು ನನ್ನ ಗುಮಾನಿ. ಅದರ ಅಡಾಪ್ಟರು ಜಪಾನಿನ 100 ವೋಲ್ಟಿಗೆ ಮಾಡಿದ್ದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆಯೇ ಗತಿ ಎಂದು ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹುಡುಕಿ ಕೊಟ್ಟೆ. ಹಾಲಿನ 55 ಇಂಚಿನ ಟಿವಿಗೆ ಹಳದಿ ವೈರು ಸಿಕ್ಕಿಸಿ, ಮುಳ್ಳುಹಂದಿ ಓಡುವ ಸೋನಿಕ್ ಗೇಮ್ ಹಾಕಿದ. ಐದು ನಿಮಿಷಕ್ಕೆ ಮುಖ ಸಣ್ಣಗಾಯಿತು.

"ಮಾಮ, ಇದು ಹಾಳಾಗಿದೆ. ನಾನು ಒತ್ತಿದಾಗ ಹಾರಲ್ಲ. ಮುಳ್ಳಿನ ಮೇಲೆ ಬಿದ್ದಮೇಲೆ ಹಾರುತ್ತೆ."

"ಚಿತ್ರ ಹೇಗಿದೆ?"

"ಕನ್ನಡಕ ತೆಗೆದು ನೋಡಿದಂಗಿದೆ."

ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದು ಮೂವತ್ತು ವರ್ಷದ ಹಿಂದೆ ಕಳಿಸುತ್ತಿದ್ದ ಚಿತ್ರವನ್ನೇ ಇವತ್ತೂ ನಿಷ್ಠೆಯಿಂದ ಕಳಿಸುತ್ತಿತ್ತು: ಅಡ್ಡಕ್ಕೆ 320 ಚುಕ್ಕೆ, ಉದ್ದಕ್ಕೆ 224 ಗೆರೆ. ಹಾಲಿನ ಟಿವಿಯಲ್ಲಿ ಇರುವುದು ಅಡ್ಡಕ್ಕೆ 3840, ಉದ್ದಕ್ಕೆ 2160. ಸೇರು ಅಕ್ಕಿಯಲ್ಲಿ ಊರಿಗೆಲ್ಲ ಊಟ ಹಾಕುವ ಪರಿಸ್ಥಿತಿ. ಇಲ್ಲದ ಚುಕ್ಕೆಗಳನ್ನು ಟಿವಿ ತಾನೇ ಊಹಿಸಿ ತುಂಬಬೇಕು. ಅದಕ್ಕೆ ಚಿತ್ರವನ್ನು ಮೊದಲು ತನ್ನ ಮೆಮೊರಿಯಲ್ಲಿ ಇಳಿಸಿಕೊಳ್ಳಬೇಕು, ಹಿಗ್ಗಿಸಬೇಕು, ಅಂಚು ನಯ ಮಾಡಬೇಕು, ಬಣ್ಣ ತಿದ್ದಬೇಕು, ಆಮೇಲೆ ತೋರಿಸಬೇಕು. ಈ ಉಪಚಾರಕ್ಕೆಲ್ಲ ಸಮಯ ಹಿಡಿಯುತ್ತದೆ. ಕೆಲವು ಟಿವಿಗಳಲ್ಲಿ ಗೇಮ್ ಮೋಡ್ ಹಾಕದಿದ್ದರೆ ಅದು 100 ಮಿಲಿಸೆಕೆಂಡ್ ದಾಟುತ್ತದೆ. ಸೆಕೆಂಡಿಗೆ 60 ಚಿತ್ರ ಕಳಿಸುವ ಯಂತ್ರಕ್ಕೆ ಅದು ಆರು ಚಿತ್ರಗಳಷ್ಟು ಹಿಂದೆ. ಹುಡುಗ ಪರದೆಯ ಮೇಲೆ ಮುಳ್ಳು ಕಂಡು ಗುಂಡಿ ಒತ್ತುವ ಹೊತ್ತಿಗೆ ಯಂತ್ರದ ಲೆಕ್ಕದಲ್ಲಿ ಸೋನಿಕ್ ಮುಳ್ಳಿನ ಮೇಲೆ ಕೂತು ಆಗಿರುತ್ತದೆ.

ಹಾಗಾಗಿ ಒಂದು ಹಳೇ ಡಬ್ಬಾ ಟಿವಿ ಹುಡುಕಲು ಹೊರಟೆವು. ಹೊರಡುವ ಮುನ್ನ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಟ್ಟದ ಮೇಲಿನ ಹಳೇ ಪ್ಲೇಸ್ಟೇಷನ್ ಇಳಿಸಿ ಧೂಳು ಕೊಡವುವವರು ಈಗ ಮನೆಗೊಬ್ಬರು ಇದ್ದಾರೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಯಾವ ಕಂಪನಿಯ ಟಿವಿ ತಗೊಳ್ಳಲಿ? ಕಂಪನಿಯ ವಿಚಾರ ಕೊನೆಗೆ ಬರಬೇಕಾದದ್ದು.

ಹಳೇ ಪಿಕ್ಚರ್ ಟ್ಯೂಬಿಗೆ ನೆನಪೆನ್ನುವುದೇ ಇಲ್ಲ. ಟ್ಯೂಬಿನ ಹಿಂದಿನ ಕತ್ತಿನಲ್ಲಿರುವ ಗನ್ ಎಲೆಕ್ಟ್ರಾನುಗಳನ್ನು ಗಾಜಿನ ಒಳಮೈಗೆ ಬಳಿದ ಫಾಸ್ಫರಿನ ಮೇಲೆ ಚಿಮ್ಮುತ್ತದೆ. ಬಿದ್ದಲ್ಲಿ ಬೆಳಕು ಹೊತ್ತಿಕೊಂಡು ಕೆಲವೇ ಮಿಲಿಸೆಕೆಂಡಿನಲ್ಲಿ ಆರುತ್ತದೆ. ಎಡದಿಂದ ಬಲಕ್ಕೆ ಒಂದು ಗೆರೆ, ಕೆಳಗಿಳಿದು ಇನ್ನೊಂದು ಗೆರೆ. ಯಂತ್ರ ಕೆಳಗಿನ ಗೆರೆಗಳನ್ನು ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಮೇಲಿನ ಗೆರೆ ಪರದೆಯ ಮೇಲೆ ಮೂಡಿ ಆಗಿರುತ್ತದೆ. ತಡ ಆಗಲು ನಡುವೆ ಯಾರೂ ಇಲ್ಲ. ಓಡುವ ಚಿತ್ರ ಮಸುಕಾಗದೆ ಇರುವುದಕ್ಕೂ ಇದೇ ಕಾರಣ: ಹೊಸ ಟಿವಿ ಒಂದು ಚಿತ್ರವನ್ನು ಮುಂದಿನದು ಬರುವ ತನಕ ಹಿಡಿದು ನಿಲ್ಲಿಸುತ್ತದೆ, ಟ್ಯೂಬು ಮಿಂಚಿಸಿ ಮರೆತುಬಿಡುತ್ತದೆ.

ಈಗ ಗೆರೆಗಳ ವಿಚಾರ. ಒಂದನೇ ಕ್ಲಾಸಿನಲ್ಲಿ ಕಾಪಿ ಬರೆದದ್ದು ನೆನಪಿಸಿಕೊಳ್ಳಿ. ದೂರದರ್ಶನದ ಚಿತ್ರ ಬರುತ್ತಿದ್ದದ್ದು ಎರಡು ಸಲಕ್ಕೆ: ಮೊದಲು 1, 3, 5 ಎಂದು ಬೆಸ ಗೆರೆಗಳು, ಆಮೇಲೆ ಅವುಗಳ ನಡುವೆ 2, 4, 6 ಎಂದು ಸಮ ಗೆರೆಗಳು. ಎರಡೂ ಕೂಡಿ ಒಂದು ಪೂರ್ತಿ ಪುಟ. ಹಳೇ ಗೇಮ್ ಯಂತ್ರಗಳಿಗೆ ಅಷ್ಟು ಗೆರೆ ತುಂಬುವ ಶಕ್ತಿ ಇರಲಿಲ್ಲ. ಅವು ಒಂದು ಉಪಾಯ ಮಾಡಿದವು. ಸಂಕೇತದಲ್ಲಿ ಅರ್ಧ ಗೆರೆಯ ಲೆಕ್ಕ ತಪ್ಪಿಸಿ, ಎರಡನೇ ಸಲವೂ ಗನ್ ಅದೇ ಬೆಸ ಗೆರೆಗಳ ಮೇಲೇ ಬರೆಯುವಂತೆ ಮಾಡಿದವು. ಸಮ ಗೆರೆಗಳು ಖಾಲಿ ಉಳಿದವು. ಒಂದು ಗೆರೆ ಬಿಟ್ಟು ಒಂದು ಗೆರೆ ಬರೆದ ಪುಸ್ತಕದ ಹಾಗೆ. ಟ್ಯೂಬಿನ ಹತ್ತಿರ ಮೂಗಿಟ್ಟು ನೋಡಿದರೆ ಕಾಣುವ ಕಪ್ಪು ಎಳೆಗಳು ಅವೇ. ಈ ಬಗೆಗೆ 240ಪಿ ಎಂದು ಹೆಸರು. ಹೊಸ ಟಿವಿಗಳಲ್ಲಿ ಬಹಳಷ್ಟಕ್ಕೆ ಈ ಉಪಾಯ ಗೊತ್ತೇ ಇಲ್ಲ. ಬೆಸ ಸಮ ಎರಡೂ ಬಂದಿವೆ ಎಂದು ಭಾವಿಸಿ ಎರಡು ಚಿತ್ರಗಳನ್ನು ಒಂದರೊಳಗೊಂದು ಹೆಣೆಯಲು ಹೋಗುತ್ತವೆ. ಹುಡುಗನ ಕನ್ನಡಕ ಮಂಜಾದದ್ದು ಅಲ್ಲೇ.

ಆಯ್ಕೆಯ ಮೊದಲ ಜರಡಿ ಇಲ್ಲಿಂದಲೇ ಸಿಗುತ್ತದೆ. ಇಂಥ ಚಿತ್ರ ಬರೆಯುವ ಟಿವಿಯ ಗನ್ ಸೆಕೆಂಡಿಗೆ ಸುಮಾರು 15,700 ಗೆರೆ ಎಳೆಯುತ್ತದೆ. ನಮ್ಮ ದೂರದರ್ಶನದ ಪಾಲ್ ಪದ್ಧತಿಯಲ್ಲಿ 15,625. ತಾಂತ್ರಿಕ ಭಾಷೆಯಲ್ಲಿ 15 ಕಿಲೋಹರ್ಟ್ಜ್ ಟಿವಿ. ಕಂಪ್ಯೂಟರ್ ಮಾನಿಟರುಗಳು ಅದರ ದುಪ್ಪಟ್ಟು, 31 ಕಿಲೋಹರ್ಟ್ಜಿನಿಂದ ಮೇಲಕ್ಕೇ ಕೆಲಸ ಮಾಡುವಂಥವು. ಸೈಬರ್ ಕೆಫೆ ಮುಚ್ಚಿದಾಗ ರಾಶಿ ಬಿದ್ದ 17 ಇಂಚಿನ ಮಾನಿಟರನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ಮೆಗಾ ಡ್ರೈವ್ ಜೋಡಿಸಿದರೆ ಪರದೆ ಕಪ್ಪಗೇ ಉಳಿಯುತ್ತದೆ, ಇಲ್ಲವೇ ಚಿತ್ರ ಹರಿದು ಚಿಂದಿಯಾಗುತ್ತದೆ. ಮಾನಿಟರಿನ ಗಾಜು ಎಷ್ಟೇ ಚೆನ್ನಾಗಿರಲಿ, ಭಾಷೆ ಬೇರೆ. ಆದರೆ ನಿಮ್ಮ ಹತ್ತಿರ ಇರುವುದು ಸೆಗಾದವರದೇ 1998ರ ಡ್ರೀಮ್‌ಕಾಸ್ಟ್ ಆಗಿದ್ದರೆ ಮಾತು ತಿರುಗುಮುರುಗು. ಅದು ವಿಜಿಎ ಪೆಟ್ಟಿಗೆ ಹಾಕಿದರೆ 31 ಕಿಲೋಹರ್ಟ್ಜಿನ ಚಿತ್ರ ಕೊಡುತ್ತದೆ, ಬಹುತೇಕ ಗೇಮ್‌ಗಳೂ ಅದಕ್ಕೆ ಒಗ್ಗುತ್ತವೆ. ಆ ಸೈಬರ್ ಕೆಫೆಯ ಮಾನಿಟರೇ ಅದಕ್ಕೆ ಸರಿಯಾದ ಜೋಡಿ.

15 ಕಿಲೋಹರ್ಟ್ಜ್ ಎಂದರೆ ಏನೆಂದು ಹೆಚ್ಚಿನವರಿಗೆ ಕಿವಿಗೇ ಗೊತ್ತಿದೆ, ಗೊತ್ತಿದೆ ಎಂಬುದು ಗೊತ್ತಿಲ್ಲ. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಟಿವಿ ಸೌಂಡು ಪೂರ್ತಿ ತಗ್ಗಿಸಿದ್ದರೂ ಅದು ಆನ್ ಇದೆ ಎಂದು ಬಾಗಿಲಲ್ಲೇ ತಿಳಿಯುತ್ತಿರಲಿಲ್ಲವೇ? ಸೊಳ್ಳೆಗಿಂತ ಸಣ್ಣ, ಸೂಜಿಯಂಥ ಒಂದು ಶಿಳ್ಳೆ. ಗೆರೆ ಎಳೆಯುವ ಸರ್ಕ್ಯೂಟಿನ ಟ್ರಾನ್ಸ್‌ಫಾರ್ಮರ್ ಅದೇ ವೇಗದಲ್ಲಿ ಅದುರುವುದರಿಂದ ಬರುವ ಸದ್ದು ಅದು. ನನಗೆ ಈಗ ಕೇಳಿಸುವುದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಇಂಥ ಮೇಲಿನ ಸ್ವರಗಳನ್ನೇ. ಹುಡುಗರಿಗೆ ಚೆನ್ನಾಗಿ ಕೇಳಿಸುತ್ತದೆ. 31 ಕಿಲೋಹರ್ಟ್ಜಿನ ಸದ್ದು ಮಾತ್ರ ಮನುಷ್ಯರ ಯಾರ ಕಿವಿಗೂ ನಿಲುಕದ್ದು. ಅಂದರೆ ಶಿಳ್ಳೆ ಹಾಕುವ ಟಿವಿ ನಮಗೆ ಬೇಕಾದದ್ದು, ಮೌನಿ ಬೇಡ.

ಈ ಮಾತು ತಮಾಷೆಗೆ ಹೇಳಿದ್ದಲ್ಲ. ಟ್ಯೂಬ್ ಟಿವಿಗಳ ಕೊನೆಗಾಲದಲ್ಲಿ '100 ಹರ್ಟ್ಜ್' ಎಂದು ಹಣೆಯ ಮೇಲೆ ಬರೆದುಕೊಂಡ ದೊಡ್ಡ ಫ್ಲಾಟ್ ಟಿವಿಗಳು ಬಂದವು. ಆಗ ಅವುಗಳ ಬೆಲೆ ನೋಡಿ ಎಲ್ಲರೂ ಹುಬ್ಬೇರಿಸಿದ್ದರು. ಪಾಲ್ ಪದ್ಧತಿಯ 50 ಹರ್ಟ್ಜಿನ ಕಣ್ಣು ಮಿಟುಕುವಿಕೆ ತಪ್ಪಿಸಲು ಅವು ಪ್ರತಿ ಚಿತ್ರವನ್ನೂ ಮೆಮೊರಿಗೆ ಇಳಿಸಿಕೊಂಡು ಎರಡೆರಡು ಸಲ ತೋರಿಸುತ್ತಿದ್ದವು. ಸಿನಿಮಾ ನೋಡಲು ಹಿತ. ಗೇಮ್‌ಗೆ ಅದೇ ಹಳೇ ಗೋಳು: ಒಳಗೆ ಕಂಪ್ಯೂಟರ್ ಕೂತು ಚಿತ್ರ ತಡ ಮಾಡುತ್ತದೆ. ಹೊರಗೆ ಟ್ಯೂಬು, ಒಳಗೆ ಎಲ್‌ಸಿಡಿಯ ಬುದ್ಧಿ. ಇವುಗಳ ಗನ್ ಓಡುವುದು 31.25 ಕಿಲೋಹರ್ಟ್ಜಿನಲ್ಲಿ, ಆದ್ದರಿಂದ ಶಿಳ್ಳೆಯೂ ಇಲ್ಲ. ಅಮೆರಿಕದಲ್ಲಿ ಕೊನೆಗೆ ಬಂದ ಎಚ್‌ಡಿ ಟ್ಯೂಬ್ ಟಿವಿಗಳ ಕತೆಯೂ ಇಷ್ಟೇ. ಗನ್ ಹಿಡಿದು ಬಾತುಕೋಳಿ ಹೊಡೆಯುವ 1984ರ ಡಕ್ ಹಂಟ್ ಗೊತ್ತಲ್ಲ? ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮಿನುಗುತ್ತದೆ. ಪಿಸ್ತೂಲಿನ ಮೂತಿಯಲ್ಲಿರುವ ಬೆಳಕಿನ ಸೆನ್ಸರ್ ಆ ಕ್ಷಣಕ್ಕೇ ಅದನ್ನು ಕಾಣಬೇಕು. 100 ಹರ್ಟ್ಜಿನ ಟಿವಿಯಲ್ಲಿ ಚೌಕ ಬರುವ ಹೊತ್ತಿಗೆ ಪಿಸ್ತೂಲು ನೋಡುವುದನ್ನು ನಿಲ್ಲಿಸಿರುತ್ತದೆ. ಎಷ್ಟು ಹೊಡೆದರೂ ಬಾತುಕೋಳಿ ಸಾಯುವುದಿಲ್ಲ, ನಾಯಿ ನಗುವುದು ತಪ್ಪುವುದಿಲ್ಲ.

ಎರಡನೇ ಜರಡಿ ಬಣ್ಣದ್ದು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮಲ್ಲಿ ಬಣ್ಣದ ಟಿವಿ ಬಂದದ್ದು ಪಾಲ್ ಪದ್ಧತಿಯಲ್ಲಿ. ಜಪಾನಿನ ಯಂತ್ರ ಮಾತಾಡುವುದು ಎನ್‌ಟಿಎಸ್‌ಸಿ, 60 ಹರ್ಟ್ಜ್. ಎಂಬತ್ತರ ದಶಕದ ಟಿವಿಗೆ ಜೋಡಿಸಿದರೆ ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ, ಕೆಲವದರಲ್ಲಿ ಮೇಲಿಂದ ಕೆಳಗೆ ಉರುಳುತ್ತದೆ. ಆಮೇಲಿನ ಟಿವಿಗಳ ಬೆನ್ನಿನ ಚೀಟಿಯಲ್ಲಿ 'ಮಲ್ಟಿ ಸಿಸ್ಟಂ' ಎಂದೋ, ಮೆನುವಿನಲ್ಲಿ ಪಾಲ್ ಜೊತೆಗೆ ಎನ್‌ಟಿಎಸ್‌ಸಿ 3.58 ಎಂದೋ ಇರುತ್ತದೆ. ಅದು ಇದ್ದರೆ ಸಾಕು. ಯುರೋಪಿನ ಪಾಲ್ ಯಂತ್ರ ತಂದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ನಿಜ, ಆದರೆ 60ಕ್ಕೆ ಬರೆದ ಗೇಮನ್ನು 50ರಲ್ಲಿ ಓಡಿಸಿದ ಕಾರಣ ಅಲ್ಲಿನ ಸೋನಿಕ್ ಆರರಲ್ಲಿ ಒಂದು ಪಾಲು ನಿಧಾನ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೇರೆ. ವೇಗವೇ ಜೀವಾಳವಾದ ಮುಳ್ಳುಹಂದಿಗೆ ಅದೊಂದು ಶಿಕ್ಷೆ.

ಮೂರನೆಯದು ವೈರು. ಇಲ್ಲಿ ನನಗೂ ಗೇಮ್ ಪಂಡಿತರಿಗೂ ಸ್ವಲ್ಪ ಜಗಳ.

ಹಳದಿ ವೈರು ಎಂದರೆ ಕಾಂಪೊಸಿಟ್. ಬೆಳಕು, ಬಣ್ಣ ಎರಡನ್ನೂ ಒಂದೇ ತಂತಿಯಲ್ಲಿ ಹಿಟ್ಟು ಕಲಸಿದಂತೆ ಕಲಸಿ ಕಳಿಸುತ್ತದೆ. ಟಿವಿ ಮತ್ತೆ ಬೇರ್ಪಡಿಸಬೇಕು. ಪೂರ್ತಿ ಬೇರ್ಪಡದೆ ಅಂಚುಗಳಲ್ಲಿ ಬಣ್ಣ ಸೋರುತ್ತದೆ. ಎಸ್-ವಿಡಿಯೋದಲ್ಲಿ ಬೆಳಕು, ಬಣ್ಣ ಬೇರೆ ಬೇರೆ ತಂತಿ. ಡಿವಿಡಿ ಕಾಲದ ಟಿವಿಗಳ ಹಿಂದೆ ಕಾಣುವ ಹಸಿರು, ನೀಲಿ, ಕೆಂಪು ತೂತುಗಳು ಕಾಂಪೊನೆಂಟಿನವು. ಅದಕ್ಕೂ ಮೇಲಿನದು ಆರ್‌ಜಿಬಿ: ಮೂರು ಬಣ್ಣಕ್ಕೆ ಮೂರು ತಂತಿ. ಯುರೋಪಿನ ಮನೆ ಟಿವಿಗಳಲ್ಲಿ ಸ್ಕಾರ್ಟ್ ಎಂಬ ಅಗಲ ಪ್ಲಗ್ಗಿನಿಂದ ಇದು ಸಲೀಸು. ನಮ್ಮ ಟಿವಿಗಳಲ್ಲಿ ಆ ಪ್ಲಗ್ ಕಾಣುವುದೇ ಅಪರೂಪ. ಮೆಗಾ ಡ್ರೈವ್ ಹಿಂದಿನ ದುಂಡು ಸಾಕೆಟ್ಟಿನಲ್ಲಿ ಆರ್‌ಜಿಬಿಯೂ ಇದೆ, ಕಾಂಪೊಸಿಟ್ಟೂ ಇದೆ. ಆರ್‌ಜಿಬಿಯನ್ನು ಕಾಂಪೊನೆಂಟಿಗೆ ತಿರುಗಿಸುವ ಚಿಕ್ಕ ಡಬ್ಬಿ ಸಿಗುತ್ತದೆ. ಕಾಂಪೊನೆಂಟ್ ತೂತು ಇರುವ 21 ಇಂಚಿನ ಮನೆ ಟಿವಿಗೆ ಅದನ್ನು ಹಾಕಿದರೆ ಕಾಂಪೊಸಿಟ್ ನೋಡಿ ಬೆಳೆದವರಿಗೆ ಕಣ್ಣ ಪೊರೆ ತೆಗೆದಂತಾಗುತ್ತದೆ.

ಹಾಗಾದರೆ ಎಲ್ಲರೂ ಆರ್‌ಜಿಬಿಯನ್ನೇ ಹಾಕಬೇಕೇ? ಸೋನಿಕ್‌ನ ಮೊದಲ ಊರು ಗ್ರೀನ್ ಹಿಲ್. ಅಲ್ಲಿ ಒಂದು ಜಲಪಾತ ಇದೆ. ಆರ್‌ಜಿಬಿಯಲ್ಲಿ ಹತ್ತಿರದಿಂದ ನೋಡಿ. ನೀರೇ ಇಲ್ಲ. ಒಂದು ನೀಲಿ ಕಂಬಿ, ಒಂದು ಸಂದು, ಮತ್ತೊಂದು ಕಂಬಿ, ಮತ್ತೊಂದು ಸಂದು. ಕಿಟಕಿಯ ಸರಳು ನಿಲ್ಲಿಸಿದಂತಿದೆ. ಸೋನಿಕ್ ಅದರ ಹಿಂದೆ ಹೋದರೆ ಜೈಲಿನಲ್ಲಿರುವ ಹಾಗೆ ಕಾಣುತ್ತದೆ. ಈಗ ಅದೇ ಯಂತ್ರಕ್ಕೆ ಹಳದಿ ವೈರು ಹಾಕಿ. ಕಂಬಿಗಳು ಪಕ್ಕದ ಸಂದಿಗೆ ಸೋರಿ ಒಂದರೊಳಗೊಂದು ಕರಗುತ್ತವೆ, ತೆಳು ನೀರಿನ ಪರದೆ ಇಳಿಯುತ್ತದೆ, ಅದರ ಮೂಲಕ ಹಿಂದಿನ ಬಂಡೆ ಕಾಣುತ್ತದೆ. ಅಲ್ಲಲ್ಲಿ ಕಾಮನಬಿಲ್ಲಿನ ಛಾಯೆಯೂ ಮೂಡುತ್ತದೆ. ಅದು ಕಾಂಪೊಸಿಟ್ಟಿನ ದೋಷ, ಜಲಪಾತಕ್ಕೆ ಅಲಂಕಾರವಾಯಿತು.

ಇದು ಅಕಸ್ಮಾತ್ತಲ್ಲ. ಮೆಗಾ ಡ್ರೈವ್ ಒಮ್ಮೆಗೆ ತೋರಿಸಬಲ್ಲದ್ದು 512 ಬಣ್ಣಗಳಲ್ಲಿ ಬರೀ 64ನ್ನು. ಪಾರದರ್ಶಕ ಬಣ್ಣವನ್ನು ಬೆರೆಸಿ ಕೊಡುವ ಸೌಕರ್ಯ ಅದಕ್ಕಿರಲಿಲ್ಲ. ಅದರ ಪ್ರತಿಸ್ಪರ್ಧಿ ಸೂಪರ್ ನಿಂಟೆಂಡೊಗೆ ಇತ್ತು. ಹಾಗಾಗಿ ಚಿತ್ರ ಬರೆಯುವವರು ಚುಕ್ಕೆ ಬಿಟ್ಟು ಚುಕ್ಕೆ ಇಟ್ಟರು, ಬೆರೆಸುವ ಕೆಲಸವನ್ನು ಜನರ ಮನೆಯ ಸಾಧಾರಣ ಟಿವಿಗೆ ವಹಿಸಿದರು. 1997ರ ಪ್ಲೇಸ್ಟೇಷನ್ ಗೇಮ್ ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್‌ನಲ್ಲಿ ಡ್ರಾಕುಲಾನ ಮುಖ ಬರುತ್ತದೆ. ಹೊಸ ಪರದೆಯಲ್ಲಿ ಅವನ ಕಣ್ಣಲ್ಲಿ ಯಾರೋ ಕುಂಕುಮದ ಚೌಕ ಅಂಟಿಸಿದಂತೆ ಒಂದು ಕೆಂಪು ಚುಕ್ಕೆ. ಟ್ಯೂಬಿನಲ್ಲಿ ಅದೇ ಚುಕ್ಕೆ ಸುತ್ತ ಹರಡಿ ಕಣ್ಣು ಕೆಂಡವಾಗುತ್ತದೆ. ಚುಕ್ಕಿ ಇಟ್ಟವರು ರಂಗೋಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಟ್ಟಿರುತ್ತಾರೆ. ನಾವು ಎಳೆ ಅಳಿಸಿ ಚುಕ್ಕಿಯನ್ನೇ ದೊಡ್ಡದು ಮಾಡಿ ನೋಡಿ, ಆಹಾ ಎಷ್ಟು ಸ್ಪಷ್ಟ ಎನ್ನುತ್ತೇವೆ. ಪಂಡಿತರೊಂದಿಗೆ ನನ್ನ ಜಗಳ ಇಷ್ಟೇ: ಸ್ಪಷ್ಟ ಚಿತ್ರವೂ ಒಳ್ಳೆಯ ಚಿತ್ರವೂ ಯಾವಾಗಲೂ ಒಂದೇ ಆಗಬೇಕಿಲ್ಲ. ಅಕ್ಷರಗಳು ಹೆಚ್ಚಿರುವ ಗೇಮ್‌ಗೆ, ಸೂಪರ್ ನಿಂಟೆಂಡೊದ ಬಹುಪಾಲು ಗೇಮ್‌ಗೆ ನಾನೂ ಒಳ್ಳೆಯ ವೈರನ್ನೇ ಹಾಕುತ್ತೇನೆ. ಮೆಗಾ ಡ್ರೈವ್‌ಗೆ ಹಳದಿ ಸಾಕು.

ಪಂಡಿತರ ಕನಸು ಸ್ಟುಡಿಯೋ ಮಾನಿಟರು. ಟಿವಿ ಕೇಂದ್ರಗಳಲ್ಲಿ, ಎಡಿಟಿಂಗ್ ಕೋಣೆಗಳಲ್ಲಿ, ಆಸ್ಪತ್ರೆಯ ಎಂಡೋಸ್ಕೋಪಿ ಗಾಡಿಗಳ ಮೇಲೆ ಇರುತ್ತಿದ್ದವಲ್ಲ, ಬೂದು ಬಣ್ಣದ ಕಬ್ಬಿಣದ ಡಬ್ಬಿ, ಅವು. ಸೋನಿಯ ಪಿವಿಎಂ, ಬಿವಿಎಂ ಹೆಸರಾದವು, ಜೆವಿಸಿಯವೂ ಇವೆ. ಆರ್‌ಜಿಬಿ ನೇರವಾಗಿ ಹೋಗುತ್ತದೆ. ಅಡ್ಡಕ್ಕೆ ಎಷ್ಟು ಸೂಕ್ಷ್ಮ ಗೆರೆ ಬೇರೆ ಬೇರೆ ಕಾಣುತ್ತದೆ ಎಂಬ ಅಳತೆಗೆ ಟಿವಿಎಲ್ ಎನ್ನುತ್ತಾರೆ. ಪಿವಿಎಂಗಳಲ್ಲಿ 600, 800ರವರೆಗೆ ಇದ್ದರೆ ಮನೆ ಟಿವಿಗಳಲ್ಲಿ ಸಾಮಾನ್ಯವಾಗಿ 300–400ರ ಆಸುಪಾಸು. ಹುಚ್ಚು ಎಲ್ಲಿಗೆ ಹೋಗಿದೆ ಎಂದರೆ 1989ರಲ್ಲಿ ಸೋನಿ ಮಾಡಿದ್ದ 43 ಇಂಚಿನ ಟ್ಯೂಬ್ ಟಿವಿ ಒಸಾಕಾದ ನೂಡಲ್ಸ್ ಹೋಟೆಲೊಂದರ ಮಾಳಿಗೆಯಲ್ಲಿ ಇದೆ ಎಂದು ತಿಳಿದು, ಸುಮಾರು 200 ಕಿಲೋ ತೂಕದ ಅದನ್ನು ಇಳಿಸಿ ಅಮೆರಿಕಕ್ಕೆ ಹೊತ್ತುಕೊಂಡು ಹೋದವರಿದ್ದಾರೆ. ಸ್ಟುಡಿಯೋ ಮಾನಿಟರ್ ಸಿಕ್ಕರೆ ಎರಡು ಮಾತು ನೆನಪಿಡಿ. ಅದರ ಹಿಂದಿನ ಬಿಎನ್‌ಸಿ ಸಾಕೆಟ್ಟು ಕಂಡು ಗಾಬರಿ ಬೇಡ, ಸಿಸಿಟಿವಿ ಸಾಮಾನು ಮಾರುವ ಅಂಗಡಿಯಲ್ಲಿ ಅದಕ್ಕೆ ಕನ್ವರ್ಟರ್ ಪಿನ್ ಚಿಲ್ಲರೆ ಕಾಸಿಗೆ ಬರುತ್ತದೆ. ಮತ್ತೆ ಚಿತ್ರ ಸುಟ್ಟಂತೆ ಬೆಳ್ಳಗೆ ಕಂಡರೆ ಟ್ಯೂಬಿನ ಮೇಲೆ ತಪ್ಪು ಹೊರಿಸುವ ಮೊದಲು ಹಿಂದಿನ 75 ಓಮ್ ಸ್ವಿಚ್ಚು ಸರಿಯಾದ ಕಡೆ ಇದೆಯೇ ನೋಡಿ.

ಪಿಕ್ಚರ್ ಟ್ಯೂಬು ಬೆಂಗಳೂರಿಗೆ ಹೊರಗಿನದೇನಲ್ಲ. ಬಿಇಎಲ್ 1970ರಲ್ಲೇ ಕಪ್ಪು-ಬಿಳುಪು ಟಿವಿಯ ಟ್ಯೂಬ್ ಮಾಡತೊಡಗಿತ್ತು. ಬಿಪಿಎಲ್ ಇಲ್ಲಿಂದಲೇ ಮನೆಮಾತಾದ ಹೆಸರು. ಹಾಗಾಗಿ ಹುಡುಕಾಟಕ್ಕೆ ಎಸ್.ಪಿ. ರಸ್ತೆಗೆ ಹೋಗುವುದು ನನಗೆ ತವರಿಗೆ ಹೋದಂತೆ. ಹುಡುಗನ ಬೆನ್ನಿನ ಬ್ಯಾಗಿನಲ್ಲಿ ಮೆಗಾ ಡ್ರೈವ್, ನನ್ನ ಕೈಯಲ್ಲಿ ಟ್ರಾನ್ಸ್‌ಫಾರ್ಮರ್. ಯಂತ್ರ ಒಯ್ಯದೆ ಟಿವಿ ಕೊಳ್ಳಲು ಹೋಗಬಾರದು. ಕೇಬಲ್ ಚಾನೆಲ್ ತೋರಿಸಿ "ನೋಡಿ ಸಾರ್, ಫಸ್ಟ್ ಕ್ಲಾಸ್" ಎಂದರೆ ಏನೂ ತಿಳಿಯುವುದಿಲ್ಲ.

ಮುಖ್ಯ ರಸ್ತೆ ಬಿಟ್ಟು ಗಲ್ಲಿಯೊಳಗಿನ ಗೋಡೌನು. ಯಜಮಾನರು ಐದು ಪೀಸ್ ತೋರಿಸಿದರು. "ಯಾವುದು ಬೇಕು ಸಾರ್, ಎಲ್ಲಾ ರನ್ನಿಂಗ್ ಕಂಡೀಶನ್."

"ಅಣ್ಣಾ, ಯಾವುದನ್ನೂ ಆನ್ ಮಾಡಬೇಡಿ. ಮೊದಲು ಮುಟ್ಟಿ ನೋಡ್ತೀವಿ."

ಅವರು ನಕ್ಕರು. ಇದು ಏಟು ತಿಂದು ಕಲಿತ ಪಾಠ. ಹತ್ತು ವರ್ಷದ ಹಿಂದೆ ಒಬ್ಬ ವ್ಯಾಪಾರಿ ಫಳಫಳ ಚಿತ್ರದ ಟಿವಿಯೊಂದನ್ನು ನನ್ನ ಕೊರಳಿಗೆ ಕಟ್ಟಿದ. ಮನೆಗೆ ತಂದು ಮರುದಿನ ಬೆಳಿಗ್ಗೆ ಹಾಕಿದರೆ ಚಿತ್ರ ಮೂಡಲು ಐದು ನಿಮಿಷ, ಮೂಡಿದ ಮೇಲೂ ಬಿಳಿ ಬಣ್ಣ ಸುಣ್ಣ ಕದಡಿದ ಹಾಗೆ. ಟ್ಯೂಬು ಬಳಲಿತ್ತು, ನಾನು ಹೋಗುವ ಅರ್ಧ ಗಂಟೆ ಮೊದಲೇ ಆತ ಅದನ್ನು ಆನ್ ಮಾಡಿ ಕಾಯಿಸಿಟ್ಟಿದ್ದ. ಬೆನ್ನು ಮುಟ್ಟಿದ್ದರೆ ಬಿಸಿ ತಿಳಿಯುತ್ತಿತ್ತು. ಆಮೇಲೆ ಮೆಕ್ಯಾನಿಕ್ ಒಬ್ಬರು ಇನ್ನೊಂದು ಗುರುತು ಹೇಳಿಕೊಟ್ಟರು. ಟ್ಯೂಬು ಮಂಕಾದಾಗ ಎಲ್‌ಒಟಿ ಎಂಬ ಆ ಶಿಳ್ಳೆಯ ಟ್ರಾನ್ಸ್‌ಫಾರ್ಮರಿನ ಮೇಲಿರುವ ಸ್ಕ್ರೀನ್ ತಿರುಪನ್ನು ತಿರುಗಿಸಿ ಬೆಳಕು ಏರಿಸುತ್ತಾರೆ. ಅತಿಯಾದರೆ ಕತ್ತಲೆ ದೃಶ್ಯದಲ್ಲಿ ಕೂದಲೆಳೆಯಂಥ ಓರೆ ಬಿಳಿ ಗೆರೆಗಳು ಮೇಲ್ಗಡೆ ಕಾಣುತ್ತವೆ. ಅವು ಕಂಡ ಟಿವಿಗೆ ಆಯುಷ್ಯ ಕಡಿಮೆ.

ತಣ್ಣಗಿದ್ದ ಐದನ್ನೂ ಒಂದೊಂದಾಗಿ ಆನ್ ಮಾಡಿಸಿದೆ. ಹುಡುಗನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಮೊದಲನೆಯದು 29 ಇಂಚಿನ ಫ್ಲಾಟ್, ಬೆಳ್ಳಿ ಬಣ್ಣ, ಅಂಗಡಿಗೇ ರಾಜನಂತಿತ್ತು.

"ಏನೂ ಕೇಳ್ತಿಲ್ಲ ಮಾಮ."

ಹಣೆಯ ಧೂಳು ಒರೆಸಿದೆ. 100 ಹರ್ಟ್ಜ್. ಅದು ಹೋಯಿತು. ಕಂಪ್ಯೂಟರ್ ಮಾನಿಟರೂ ಮೌನಿ. ಉಳಿದ ಮೂರು ಕೂಗಿದವು. ಯಜಮಾನರು ಹುಡುಗನನ್ನು ಎರಡೆರಡು ಸಲ ನೋಡಿದರು. "ಏನ್ ಸಾರ್ ಇವನು, ನಾಯಿ ಕಿವಿ!"

ಕೂಗಿದ ಮೂರರಲ್ಲಿ ಒಂದು 21 ಇಂಚಿನ ಸ್ಲಿಮ್. ಟ್ಯೂಬಿನ ಬೆನ್ನು ಚಪ್ಪಟೆ ಮಾಡಲು ಹೋಗಿ ಗನ್ನು ಪರದೆಗೆ ತೀರಾ ಹತ್ತಿರ ಕೂತಿರುತ್ತದೆ, ಮೂಲೆಗಳಿಗೆ ಎಲೆಕ್ಟ್ರಾನುಗಳನ್ನು ಬಹಳ ಬಗ್ಗಿಸಿ ಕಳಿಸಬೇಕಾಗುತ್ತದೆ. ಸೋನಿಕ್ ಓಡುವ ನೆಲ ಆ ತುದಿಯಲ್ಲಿ ಬಾಗಿ ಈ ತುದಿಯಲ್ಲಿ ಉಬ್ಬಿತ್ತು. ಇನ್ನೊಂದು 14 ಇಂಚಿನ ಸ್ಟುಡಿಯೋ ಮಾನಿಟರು. ನನ್ನ ಎದೆ ಹೊಡೆದುಕೊಂಡಿತು. ಸೋನಿಕ್ ಶುರುವಾಗುವ ಮುನ್ನ ಅಪ್ಪಟ ಬಿಳಿ ಪರದೆಯ ಮೇಲೆ ಸೆಗಾ ಎಂಬ ನೀಲಿ ಅಕ್ಷರ ಬರುತ್ತದೆ. ಟಿವಿ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಚಿತ್ರ ಬೇಡ. ಆ ಬಿಳುಪಿನಲ್ಲಿ ಪರದೆಯ ಮಧ್ಯೆ ಒಂದು ಮಸುಕು ಪ್ಲಸ್ ಗುರುತು ಕಂಡಿತು. ವರ್ಷಗಟ್ಟಲೆ ಎಲ್ಲೋ ಸಿಸಿಟಿವಿಯ ನಾಲ್ಕು ಕ್ಯಾಮೆರಾದ ಚಿತ್ರವನ್ನು ಹಗಲು ರಾತ್ರಿ ತೋರಿಸಿ ಫಾಸ್ಫರು ಸುಟ್ಟುಹೋಗಿದೆ. ಇದಕ್ಕೆ ಮದ್ದಿಲ್ಲ. ಯಜಮಾನರು ಕೇಳಿದ ಬೆಲೆಗೆ ಹೊಸ 43 ಇಂಚಿನ ಟಿವಿ ಬರುತ್ತಿತ್ತು. ಸ್ಟುಡಿಯೋ ಮಾನಿಟರಿನ ಕೀರ್ತಿ ಅವರಿಗೂ ಗೊತ್ತಾಗಿದೆ.

ಕೊನೆಯದು 21 ಇಂಚಿನ ಉಬ್ಬುಗಾಜಿನ ಸಾದಾ ಟಿವಿ. ಹತ್ತು ಸೆಕೆಂಡಿಗೆ ಚಿತ್ರ ಬಂತು. ಬಿಳಿ ಪರದೆಯ ಎಡ ಮೂಲೆಯಲ್ಲಿ ಮಾತ್ರ ಗುಲಾಬಿ ಕಲೆ. ಪಕ್ಕದಲ್ಲೇ ಒಂದು ದೊಡ್ಡ ಸ್ಪೀಕರ್ ಇತ್ತು. ಅದರ ಅಯಸ್ಕಾಂತ ಎಲೆಕ್ಟ್ರಾನುಗಳ ದಾರಿ ತಪ್ಪಿಸಿದೆ. ಸ್ಪೀಕರ್ ಸರಿಸಿ, ಟಿವಿ ಆಫ್ ಮಾಡಿಸಿ, ಚಹಾ ಕುಡಿದು ಬಂದೆವು. ಅಂಟಿದ ಕಾಂತತ್ವ ಅಳಿಸುವ ಒಳಗಿನ ಡಿಗಾಸ್ ಸುರುಳಿ ಕೆಲಸ ಮಾಡುವುದು ತಣ್ಣಗಾದ ಟಿವಿ ಆನ್ ಆಗುವ ಆ ಒಂದು ಕ್ಷಣ. ಅರ್ಧ ಗಂಟೆಯ ಮೇಲೆ ಸ್ವಿಚ್ ಒತ್ತಿದಾಗ 'ಧುಂ' ಎಂದಿತು, ಕಲೆ ಹೋಗಿತ್ತು. ಸೋನಿಯ ಟ್ರಿನಿಟ್ರಾನ್ ನೋಡುವವರು ಒಂದು ವಿಷಯ ತಿಳಿದಿರಲಿ: ಬಿಳಿ ಪರದೆಯಲ್ಲಿ ಅಡ್ಡಲಾಗಿ ಒಂದೋ ಎರಡೋ ದಾರದಂಥ ನೆರಳು ಕಂಡರೆ ಅದು ದೋಷವಲ್ಲ. 1968ರಿಂದ ಬಂದ ಆ ಟ್ಯೂಬುಗಳ ಒಳಗೆ ತೂತಿನ ತಗಡಿನ ಬದಲು ನಿಂತ ತಂತಿಗಳ ಜಾಲರಿ ಇರುತ್ತದೆ. ಅದು ಅದುರದಂತೆ ಕಟ್ಟಿದ ಎಳೆಯ ನೆರಳು ಅದು. ಚೌಕಾಸಿಗೆ ಮಾತ್ರ ಬಳಸಿಕೊಳ್ಳಿ.

ಸಾವಿರದ ಐನೂರಕ್ಕೆ ಮಾತು ಮುಗಿಯಿತು. ಆಟೋದ ಹಿಂದಿನ ಸೀಟಿನಲ್ಲಿ ಟಿವಿ ಕೂತಿತು, ಗಾಜು ಸೀಟಿನ ಒರಗಿನ ಕಡೆಗೆ. ಹುಡುಗ ಅದನ್ನು ತಬ್ಬಿಕೊಂಡ. ಮನೆಗೆ ಬಂದ ಮೇಲೆ ಹಿಂದಿನ ಕವರ್ ಬಿಚ್ಚಿ ಧೂಳು ತೆಗೆಯೋಣ ಅಂದ. ನಾನು ಕೈ ಹಿಡಿದೆ. ಟ್ಯೂಬಿನ ನೆತ್ತಿಯ ರಬ್ಬರ್ ಟೋಪಿಯ ಕೆಳಗೆ 20 ಸಾವಿರ ವೋಲ್ಟಿಗಿಂತ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಎಷ್ಟೋ ಹೊತ್ತು ಒಳಗೇ ಉಳಿದಿರಬಹುದು. ಅದು ಗೊತ್ತಿರುವ ಮೆಕ್ಯಾನಿಕ್ ಕೆಲಸ.

ಜಾಗವಿಲ್ಲದವರು, ಸೊಂಟ ನೋವಿನವರು ರೆಟ್ರೊಟಿಂಕ್, ಒಎಸ್‌ಎಸ್‌ಸಿ ಥರದ ಪೆಟ್ಟಿಗೆ ಕೊಳ್ಳಬಹುದು. 240ಪಿ ಭಾಷೆ ಅವಕ್ಕೆ ಚೆನ್ನಾಗಿ ಗೊತ್ತು, ಹೊಸ ಟಿವಿಗೆ ತಡವಿಲ್ಲದೆ ತಿಳಿಸಿ ಹೇಳುತ್ತವೆ, ಕಪ್ಪು ಎಳೆಗಳನ್ನೂ ಬಿಡಿಸಿ ಕೊಡುತ್ತವೆ. ಬೆಲೆ ನೋಡಿ ನಾನು ಸುಮ್ಮನಾದೆ.

ಅವತ್ತು ರಾತ್ರಿ ಊಟದ ಮೇಲೆ ಗ್ರೀನ್ ಹಿಲ್‌ನಲ್ಲಿ ನೀರು ಬಿತ್ತು. ಹುಡುಗ ಮುಳ್ಳುಗಳನ್ನು ಒಂದೊಂದಾಗಿ ದಾಟಿದ. ಹತ್ತೂವರೆಗೆ ಅವನನ್ನು ಎಬ್ಬಿಸಿ ಮಲಗಲು ಅಟ್ಟಿ, ನಾನು ಕೂತೆ. ಹನ್ನೆರಡಾಗಿತ್ತೇನೋ. ಮೆಗಾ ಡ್ರೈವಿನ ಸ್ವಿಚ್ ಆರಿಸಿದೆ, ಪರದೆ ಕಪ್ಪಾಯಿತು. ಲೈಟ್ ತೆಗೆದು ಹಾಸಿಗೆಯ ಕಡೆ ಹೊರಟೆ.

ಒಳಕೋಣೆಯ ಕತ್ತಲಿನಿಂದ ನಿದ್ದೆಗಣ್ಣಿನ ದನಿ ಬಂತು.

"ಮಾಮ, ಟಿವಿ ಇನ್ನೂ ಆನ್ ಇದೆ."